ಸಾಹೇಬರ ಎತ್ತರದ ಖುರ್ಚಿ

ಹುಬ್ಬಳ್ಳಿಯ ಒಂದು ಕಚೇರಿ. ಅಲ್ಲಿನ ಸಾಹೇಬರು ಬೆನ್ನುನೋವಿಗೆಂದು, ನಿಂತೇ ಕೆಲಸ ಮಾಡುವ ಎತ್ತರದ ಮೇಜು ತರಿಸಿದರು. ಸಾಹೇಬರು ನಿಂತ ಮೇಲೆ ಬೆಳಗಿನ ಮೀಟಿಂಗಿನಲ್ಲಿ ಉಳಿದವರು ಕೂರುವುದುಂಟೇ? ಎಲ್ಲರೂ ನಿಂತರು. ಗುಮಾಸ್ತೆ ನೀಲಗಂಗಮ್ಮನ ಮಂಡಿ ಊದಿಕೊಂಡಿತು.

ವಾರದೊಳಗೆ ಸಾಹೇಬರ ಕಾಲೂ ಸೋತವು.

"ನೀಲಗಂಗವ್ವ, ಈ ಮೇಜಿಗೆ ಹೊಂದೋ ಎತ್ತರದ ಖುರ್ಚಿ ಆರಿಸಿ ತರ್ರಿ. ಬೆನ್ನಿಗೆ ಆಸರಾ ಇರಬೇಕು, ಕಾಲಿಡಾಕ ಪಟ್ಟಿ ಇರಬೇಕು. ನನಗೊಬ್ಬಂಗ ಸಾಕು. ನೀವೆಲ್ಲ ಗಟ್ಟಿ ಅದೀರಿ."

ಆಕೆ ಅಂಗಡಿಯಲ್ಲಿ ಒಂದೊಂದರ ಮೇಲೂ ತಾನೇ ಕೂತು ನೋಡಿ, ಒಳ್ಳೆಯದನ್ನೇ ತಂದಳು. ಮರುದಿನದ ಮೀಟಿಂಗಿನಲ್ಲಿ ಎಲ್ಲರೂ ನಿಂತಿರುವಾಗ ಸಾಹೇಬರು ಏರಿ ಕೂತು, ಬೆನ್ನು ಒರಗಿಸಿ, "ಭೇಷ್!" ಅಂದರು.

"ಖುರ್ಚಿ ಚಲೋ ಐತ್ರಿ ಸಾಹೇಬ್ರ," ಅಂದಳು ನೀಲಗಂಗಮ್ಮ. "ಆದ್ರ ನೀವು ಕುಂತು ನಾವು ನಿಂತ್ರ ಎಲ್ಲಾರ ತಲಿ ಸಮಾ ಬರ್ತಾವ್ರಿ. ಜವಾನ ಬಸಲಿಂಗನ ತಲಿ ಅಂತೂ ನಿಮಗಿಂತ ಗೇಣು ಮ್ಯಾಲೈತಿ."

ಸಾಹೇಬರು ಸುತ್ತ ನೋಡಿದರು. ಹೌದು! ಹಿಡಿಕೆ ಎಳೆದು ಖುರ್ಚಿ ಏರಿಸಿದರು. ತೊಡೆ ಮೇಜಿಗೆ ಸಿಕ್ಕಿಕೊಂಡಿತು. ಬಸಲಿಂಗ ಇನ್ನೂ ಎತ್ತರವೇ.

"ಏನ್ ನೋಡ್ತೀರಿ?" ಸಾಹೇಬರು ಗುಡುಗಿದರು. "ಎಲ್ಲಾರೂ ಕುಂದರ್ರಿ! ಇನ್ಮ್ಯಾಲೆ ನನ್ನ ಮುಂದ ಯಾರೂ ನಿಂದರೋ ಧೈರ್ಯ ಮಾಡಬ್ಯಾಡ್ರಿ!"

"ತಪ್ಪಾತ್ರಿ," ಅನ್ನುತ್ತಾ ನೀಲಗಂಗಮ್ಮ ಎಲ್ಲರಿಗಿಂತ ಮೊದಲು ಕೂತಳು.