ಊರ ಕಡೆ ಮುಖ ಮಾಡಿದವರು

ಬಲು ಹಿಂದೆ, ಹೊಳೆ ಕಡಲು ಸೇರುವ ಅಳಿವೆಯ ನೀರು ಇನ್ನೂ ಗುಡ್ಡದ ಬುಡಕ್ಕೇ ಬಡಿಯುತ್ತಿದ್ದ ಕಾಲದಲ್ಲಿ, ಹೊಳೆಬಾಗಿಲು ಎಂಬ ಊರಲ್ಲಿ ಕೇತೋಜನೆಂಬ ಕಲ್ಲುಕುಟಿಗ ಇದ್ದನಂತೆ. ಅವನು ಕೆತ್ತಿದ ಹಸುವಿನ ಮುಂದೆ ಹುಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಹುಲ್ಲು ಇರುತ್ತಿರಲಿಲ್ಲವಂತೆ. ಯಾವ ಹಸು ತಿಂದಿತೋ, ಕೇಳಿದವರಿಲ್ಲ.

ಒಂದು ವರ್ಷ ಊರಿನ ಹಡಗು ಕಡಲ್ಗಳ್ಳರ ಜೊತೆ ಕಾದಾಡಿ ಮುಳುಗಿತು. ಊರ ನಾಯಕನ ತಮ್ಮ ಹೋದ. ಹುಟ್ಟು ಹಾಕುತ್ತಿದ್ದವರೂ ಹೋದರು. ನಾಯಕ ವೀರಗಲ್ಲು ಕೆತ್ತಲು ಹೇಳಿಕಳಿಸಿದ. ಕೇತೋಜನೋ, ಹೊಳೆ ದಾಟಿಸುವ ಕಡವಿನ ದೋಣಿ ಬಿಟ್ಟು ಬೇರೇನೂ ಹತ್ತಿದವನಲ್ಲ. ಕಡವಿನವನು ಹೋಗುವ ಕಡೆಗೇ ನೋಡುತ್ತ ಹುಟ್ಟು ಹಾಕುತ್ತಾನಲ್ಲ, ಹಾಗೆಯೇ ಕೆತ್ತಿದ. ಹಡಗಿನ ಮೂತಿಯಲ್ಲಿ ಕತ್ತಿ ಹಿಡಿದ ನಾಯಕನ ತಮ್ಮ, ಅವನ ಹಿಂದೆ ಸಾಲಾಗಿ ಆರು ಜನ, ಎಲ್ಲರ ಮುಖವೂ ಕಡಲಿನ ಕಡೆಗೆ.

ಕಲ್ಲು ನಿಲ್ಲಿಸಲು ಮೂರು ದಿನ ಇರುವಾಗ ಮಂಕಾಳಿ ಬಂದಳಂತೆ. ಮುಳುಗಿದ ಹುಟ್ಟಿನವರಲ್ಲಿ ಅವಳ ಗಂಡನೂ ಒಬ್ಬ. ಕಲ್ಲು ನೋಡಿ ಅವಳಿಗೆ ನಗು ಬಂತಂತೆ.

"ಆಚಾರ್ರೇ, ಇವರು ಹಡಗು ನಡೆಸ್ತಿದ್ದಾರೋ, ಭತ್ತ ಕುಟ್ತಿದ್ದಾರೋ?"

ಕೇತೋಜನಿಗೆ ಉರಿಯಿತು. "ಏನು ತಪ್ಪಾಗಿದೆ, ಹೇಳು ತಂಗಿ."

"ಹಡಗಿನ ಉದ್ದ ಹುಟ್ಟನ್ನು ಎದೆಗೆ ಎಳೀಬೇಕು. ಅದಕ್ಕೆ ಕಡಲಿಗೆ ಬೆನ್ನು ಹಾಕಿ ಕೂರ್ತಾರೆ. ಕಣ್ಣು ಊರ ಮೇಲೇ ಇರ್ತದೆ."

ಅಷ್ಟು ಹೇಳಿದವಳ ನಗು ನಿಂತುಹೋಯಿತಂತೆ. ಹಡಗು ಹೊರಟ ದಿನ ಅವಳು ಒಲೆಯ ಮೇಲೆ ಗಂಜಿ ಇಟ್ಟು ದಡಕ್ಕೆ ಬಂದಿದ್ದಳು. ಉಕ್ಕೀತೆಂದು ಹಡಗು ಅಳಿವೆ ದಾಟುವ ಮೊದಲೇ ಮನೆಗೆ ಓಡಿದ್ದಳು.

"ಅವರು ನೋಡ್ತಾನೇ ಇದ್ದರು. ನಾನೇ ತಿರುಗಿಬಿಟ್ಟೆ. ಈ ಕಲ್ಲಲ್ಲೂ ಬೆನ್ನೇ ಕಂಡರೆ ನಾನು ಎಲ್ಲಿ ಹೋಗಿ ನಿಲ್ಲಲಿ?"

ಕೇತೋಜ ಬಹಳ ಹೊತ್ತು ಉಳಿ ಮುಟ್ಟಲಿಲ್ಲವಂತೆ. ಕೆತ್ತಿದ್ದನ್ನು ತೆಗೆಯಬಹುದು, ತೆಗೆದದ್ದನ್ನು ಅಂಟಿಸಲಾಗದು. ಇನ್ನೂ ಆಳಕ್ಕೆ ಹೋದರೆ ಕಲ್ಲು ಸೀಳೀತು. ಸೀಳಿದರೆ ನಾಯಕ ಸುಮ್ಮನಿರುವವನಲ್ಲ. ಆದರೂ ಕೂತ. ಮೂಗು ಇದ್ದಲ್ಲಿ ತುರುಬು ಮಾಡಿದ, ತುರುಬು ಇದ್ದಲ್ಲಿ ಮೂಗು ಮಾಡಿದ. ಮೂರು ದಿನ ಉಸಿರು ಬಿಗಿಹಿಡಿದೇ ಕೆತ್ತಿದನಂತೆ. ಕಲ್ಲು ಸೀಳಲಿಲ್ಲ. ಆದರೆ ಆ ಆರು ಮುಖಗಳು ಬೆರಳಿನಷ್ಟು ಒಳಕ್ಕೆ ಹೋದವು.

ನಾಯಕ ಬಂದು ನೋಡಿ ಹುಬ್ಬು ಗಂಟಿಕ್ಕಿದ. "ನನ್ನ ತಮ್ಮ ಮುಂದೆ ನೋಡ್ತಿದ್ದಾನೆ. ಇವರೇಕೆ ಹಿಂದೆ ನೋಡೋದು? ಹೆದರಿದರೋ?"

"ಒಡೆಯಾ, ಒಂದು ಸಲ ತಾವೇ ಹುಟ್ಟು ಹಿಡಿದು ನೋಡಬೇಕು," ಅಂದನಂತೆ ಕೇತೋಜ.

ನಾಯಕ ಹಟಕ್ಕೆ ಬಿದ್ದು ಇನ್ನೊಂದು ಹಡಗು ಹತ್ತಿದನಂತೆ, ಹುಟ್ಟು ಎಳೆದನಂತೆ. ಎಳೆದಷ್ಟೂ ಊರು ಸಣ್ಣದಾಗುತ್ತ ಹೋಯಿತಂತೆ. ಮರಳಿ ಬಂದವನು ಕಲ್ಲು ನಿಲ್ಲಿಸಿ ಎಂದು ಕೈಸನ್ನೆ ಮಾಡಿ ಹೋದನಂತೆ. ಮಂಕಾಳಿ ಆ ಸಂಜೆ ಕಲ್ಲಿನೆದುರು ನಿಂತಳು, ಕತ್ತಲಾಗುವ ತನಕ ಕದಲಲಿಲ್ಲ.

ಆ ಕಲ್ಲು ಈಗಲೂ ದಿಬ್ಬದ ಮೇಲಿದೆ. ಮಳೆಗಾಲ ಮುಗಿದು ದೋಣಿ ಇಳಿಸುವ ದಿನ ಹೆಂಗಸರು ಕೇತೋಜನ ಹೆಸರು ಹೇಳಿ ಆ ಆರು ಗುಳಿಮುಖಗಳಿಗೆ ತೆಂಗಿನೆಣ್ಣೆ ಹಚ್ಚುತ್ತಾರೆ. ಈಗ ಎಲ್ಲ ದೋಣಿಗೂ ಇಂಜಿನ್ನು. ಆದರೂ ಅಳಿವೆ ದಾಟುವ ತನಕ ಒಬ್ಬನಾದರೂ ಊರ ಕಡೆ ಮುಖ ಮಾಡಿ ಕೂರುತ್ತಾನೆ. ಒಲೆಯ ಮೇಲೆ ಏನೇ ಇರಲಿ, ದೋಣಿ ಚುಕ್ಕಿಯಾಗುವ ತನಕ ಹೆಂಗಸರು ತಿರುಗುವುದಿಲ್ಲ. ಆ ದಿನ ಊರೆಲ್ಲ ಗಂಜಿ ಸೀದ ವಾಸನೆ. ಯಾರೂ ಯಾರನ್ನೂ ಬೈಯುವುದಿಲ್ಲ.