ಆನೆ ನೀರು ಕುಡಿಯುವಷ್ಟು ಹೊತ್ತು

"ಗುರುಗಳೇ, ನಾನೊಂದು ಕೇಳಿ ಮಗು ಇನ್ನೊಂದು ಹೇಳಿದರೆ, ಕತೆಯನ್ನು ಮತ್ತೆ ದಾರಿಗೆ ತರುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಮರುದಿನ ಮಠದ ಗ್ರಂಥಾಲಯದಲ್ಲಿ ಅವನು ಮೊದಲ ಬಾರಿಗೆ ಎಳೆಯ ಮಕ್ಕಳಿಗೆ ಕತೆ ಹೇಳಬೇಕಿತ್ತು. ಎಲ್ಲಿ ಚಪ್ಪಾಳೆ, ಎಲ್ಲಿ ಪ್ರಶ್ನೆ, ಎಲ್ಲಿ ಹಾಡು ಎಂದು ಹಾಳೆಯ ತುಂಬ ಬರೆದುಕೊಂಡಿದ್ದ. ಅಂಚನ್ನೂ ಬಿಟ್ಟಿರಲಿಲ್ಲ. ಗುರುಗಳು ಅದನ್ನು ಪೂರ್ತಿ ಓದಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಹೇಳಿದರು:

ಒಂದು ಊರಿನ ಪುಸ್ತಕಭಂಡಾರದಲ್ಲಿ ಒಬ್ಬ ಕತೆಗಾರನಿದ್ದ. ಅವನು ಒಂದು ಮಾತು ಹೇಳಿ ನಿಲ್ಲುವನು. ಮಕ್ಕಳು 'ಹೂಂ' ಎನ್ನುವರು. ಆಗ ಕತೆ ಮುಂದೆ ಹೋಗುವುದು. ಹೂಂಗುಟ್ಟುವವರಿಲ್ಲದೆ ಕತೆ ಹೇಳಬಾರದೆಂಬುದು ಅಲ್ಲಿಯ ರೂಢಿ. ಊರಿನ ಯಜಮಾನನಿಗೆ ಈ ಸದ್ದು ಹಿಡಿಸಲಿಲ್ಲ.

"ಪುಸ್ತಕವಿರುವ ಕಡೆ ಮೌನವಿರಬೇಕು. ನಾಳೆ ನಾನೇ ಬಂದು ಕೂರುತ್ತೇನೆ. ಸಂತೆಯಾದರೆ ನಾಡಿದ್ದಿನಿಂದ ಮಕ್ಕಳಿಗೆ ಬಾಗಿಲು ಮುಚ್ಚಿತು" ಎಂದ.

ಕತೆಗಾರ ಪ್ರತಿ ಮಾತನ್ನೂ ಅಳೆದು, ಪ್ರತಿ ಹೂಂಗೂ ಜಾಗ ಗೊತ್ತುಮಾಡಿ ಸಿದ್ಧನಾದ. ಮರುದಿನ ಯಜಮಾನ ಬಾಗಿಲ ಬಳಿ ಕಾಲು ಚಾಚಿ ಕೂತ.

"ಆನೆ ಕೆರೆಗೆ ಬಂತು."

"ಹೂಂ."

"ನೀರು ಕುಡಿಯಿತು. ಹೊರಟಿತು."

"ಊಹೂಂ" ಎಂದಳು ಒಬ್ಬಳು ಪುಟ್ಟ ಹುಡುಗಿ. "ಇನ್ನೂ ಕುಡೀತಾ ಇದೆ, ತಾತ."

"ಎಷ್ಟಮ್ಮ ಕುಡಿಯುತ್ತೆ?"

"ಆನೆ ಅಲ್ವಾ?"

ಅವಳು ನೋಡುತ್ತಿದ್ದ ಮೂಲೆಯತ್ತ ಮಕ್ಕಳೆಲ್ಲ ತಿರುಗಿದರು. ಒಬ್ಬರೂ ಮಿಸುಕಲಿಲ್ಲ. ಬೇರೆ ದಾರಿ ಕಾಣದೆ ಕತೆಗಾರನೂ ಅತ್ತ ನೋಡಿದ. ಇಪ್ಪತ್ತು ವರ್ಷದಿಂದ ಆ ಆನೆಯ ಕತೆ ಹೇಳುತ್ತಿದ್ದ; ಅದು ನೀರು ಕುಡಿಯುವ ಸದ್ದನ್ನು ಅಂದೇ ಮೊದಲು ಕೇಳಿದ. ಆ ಕೋಣೆಯಲ್ಲಿ ಅಂಥ ಮೌನ ಹಿಂದೆಂದೂ ಇಳಿದಿರಲಿಲ್ಲ.

ಬಹಳ ಹೊತ್ತಿನ ಮೇಲೆ ಹುಡುಗಿ, "ಈಗ ಹೊರಟಿತು" ಎಂದಳು.

ಬಾಗಿಲ ಬಳಿಯಿದ್ದ ಯಜಮಾನ ಮೆಲ್ಲನೆ ಕಾಲು ಮಡಚಿಕೊಂಡು ದಾರಿ ಬಿಟ್ಟ.

"ಹೂಂ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಮೊದಲೇ ಸಿದ್ಧಮಾಡಿಕೊಳ್ಳುವುದು ತಪ್ಪೇ?"

"ತಪ್ಪಲ್ಲ" ಎಂದು ಗುರುಗಳು ಹಾಳೆಯನ್ನು ಅವನ ಕೈಗೆ ಮರಳಿಸಿದರು. ಶಿಷ್ಯ ಅದನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದ.

"ಇದರಲ್ಲಿ ಆನೆ ಎಲ್ಲಿ ನಿಂತು ನೀರು ಕುಡಿಯಬೇಕು, ತೋರಿಸು" ಎಂದರು ಗುರುಗಳು.

ಶಿಷ್ಯ ಲೇಖನಿ ತೆಗೆದು ನಡುವಿನ ನಾಲ್ಕು ಸಾಲುಗಳನ್ನು ಹೊಡೆದುಹಾಕಿದ.