ಬಾಲಪ್ಪನಿಗೆ ಬೇಕಾದ ನಾಲ್ವರು

ಮಕ್ಕಳೇ, ದಾರಿ ತಪ್ಪಿದವರು ಮಾತ್ರ ಹೋಗಿ ಸೇರಬಹುದಾದ ಒಂದು ಕಾಡಿತ್ತು. ಆ ಕಾಡಿನ ನಡುವೆ ಒಂದು ಹೊಂಡ, ಹೊಂಡದ ಪಕ್ಕದಲ್ಲಿ ಒಂದು ಬಯಲು. ಬಯಲಿನ ಈ ತುದಿಯ ಮತ್ತಿಮರದಲ್ಲೊಂದು, ಆ ತುದಿಯ ಹೊನ್ನೆಮರದಲ್ಲೊಂದು ತಳ ಕಿತ್ತುಹೋದ ಬುಟ್ಟಿ ನೇತಾಡುತ್ತಿತ್ತು. ಜೇನು ಕೀಳಲು ಬಂದವರು ಬಿಟ್ಟುಹೋದ ಬುಟ್ಟಿಗಳು ಅವು. ಬಳ್ಳಿ ಸುತ್ತಿ ಮಾಡಿದ ಚೆಂಡನ್ನು ಎದುರಾಳಿಗಳ ಬುಟ್ಟಿಯೊಳಗೆ ಹಾಕುವುದೇ ಆ ಕಾಡಿನ ದೊಡ್ಡ ಆಟ. ನೀವು ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಅಂತ ಆಡುವುದೂ ಹೆಚ್ಚುಕಡಿಮೆ ಇದೇ. ಆದರೆ ನಿಮ್ಮಲ್ಲಿ ಯಾರೂ ಚೆಂಡು ಸಿಕ್ಕ ಕೂಡಲೇ ಮರ ಹತ್ತುವುದಿಲ್ಲ ಅಂದುಕೊಂಡಿದ್ದೇನೆ.

ಆಡುವ ತಂಡಗಳು ಎರಡು. ಒಂದು ಹೊಂಡದವರದು, ಇನ್ನೊಂದು ಗುಡ್ಡದವರದು. ಚಳಿಗಾಲವೆಲ್ಲ ಆಟ ನಡೆದು, ಬಿಸಿಲು ಬಲಿಯುವ ಹೊತ್ತಿಗೆ ಕೊನೆಯ ಪಂದ್ಯ. ಅದರಲ್ಲಿ ಗೆದ್ದವರು ಬೇಸಿಗೆ ಮುಗಿಯುವವರೆಗೆ ಬೆಳಿಗ್ಗೆ ಮೊದಲು ನೀರು ಕುಡಿಯಬೇಕು, ಸೋತವರು ಆಮೇಲೆ. ಯಾವ ತಂಡಕ್ಕೂ ಸೇರದವರು ಎಲ್ಲರಿಗಿಂತ ಕೊನೆಗೆ. ಬೇಸಿಗೆಯಲ್ಲಿ ಹೊಂಡ ಬತ್ತಿ ಸಣ್ಣದಾಗುತ್ತಿತ್ತು. ಮೊದಲು ಬಂದವರು ನೀರು ಕುಡಿದರೆ ಕೊನೆಗೆ ಬಂದವರು ಕೆಸರು ನೆಕ್ಕಬೇಕಿತ್ತು.

ಹೊಂಡದ ತಂಡದ ನಾಯಕ ಬಾಲಪ್ಪ ಎಂಬ ಮುಸುವ. ಕಪ್ಪು ಮೂತಿ, ಉದ್ದ ಬಾಲ, ಅದಕ್ಕಿಂತ ಉದ್ದ ಜಂಬ. ಜಿಗಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಚೆಂಡು ಒಮ್ಮೆ ಅವನ ಕೈಗೆ ಹೋದರೆ ಮುಗಿಯಿತು, ಇನ್ನೊಬ್ಬರ ಕೈಗೆ ಬರುವ ಮಾತೇ ಇಲ್ಲ. ಯಾರಾದರೂ "ಇಲ್ಲಿ ಕೊಡು" ಎಂದರೆ "ನಾನೇ ಹಾಕ್ತೀನಿ, ಸುಮ್ನಿರು" ಎನ್ನುತ್ತಿದ್ದ. ನಿಮ್ಮ ತರಗತಿಯಲ್ಲೂ ಇಂಥವನೊಬ್ಬ ಇದ್ದಾನೆ ಅಂತ ನನಗೆ ಗೊತ್ತು. ಹೆಸರು ಹೇಳಬೇಡಿ, ಅವನೂ ಈ ಕತೆ ಓದುತ್ತಿರಬಹುದು.

ಗುಡ್ಡದವರಿಗೆ ಇದು ಎಂದೋ ಗೊತ್ತಾಗಿತ್ತು. ಅವರು ಉಳಿದ ಯಾರನ್ನೂ ಕಾಯುತ್ತಿರಲಿಲ್ಲ, ಎಲ್ಲರೂ ಬಂದು ಬಾಲಪ್ಪನನ್ನೇ ಮುತ್ತಿಕೊಳ್ಳುತ್ತಿದ್ದರು. ಹೀಗೆ ಹೊಂಡದವರು ಕೊನೆಯ ಪಂದ್ಯವನ್ನು ಸತತವಾಗಿ ಎರಡನೇ ವರ್ಷವೂ ಸೋತರು. ಆ ಬೇಸಿಗೆಯಲ್ಲಿ ಕೆಸರು ಕುಡಿದು ಮುಳ್ಳುಹಂದಿ ಚುಂಚಕ್ಕನ ಮರಿಗಳಿಗೆ ಹೊಟ್ಟೆ ಕೆಟ್ಟು, ಅವು ಬದುಕಿದ್ದೇ ಹೆಚ್ಚಾಯಿತು.

ಮಳೆ ಹಿಡಿಯಿತು. ಬಯಲು ಜಾರುವುದರಿಂದ ಮಳೆಗಾಲದಲ್ಲಿ ಆಟವಿಲ್ಲ. ತಂಡಕ್ಕೆ ಯಾರು ಬೇಕು, ಯಾರು ಬೇಡ ಎಂದು ನಿರ್ಧರಿಸುವುದು ಈ ಬಿಡುವಿನಲ್ಲೇ. ಒಂದು ಸಂಜೆ ಮಳೆ ಬಿಟ್ಟಾಗ ಬಾಲಪ್ಪ ಬಯಲಿನ ಅಂಚಿನಲ್ಲಿದ್ದ ಬಂಡೆ ಹತ್ತಿ ಕುಳಿತು ತನ್ನವರನ್ನೆಲ್ಲ ಕರೆದ. ಎಲ್ಲರೂ ಎಂದರೆ ನಾಲ್ಕೇ ಜನ: ಚುಂಚಕ್ಕ, ಕರಡಿ ದೊಡ್ಡಯ್ಯ, ಕಡವೆ ಗೌರಮ್ಮ, ಮುಂಗುಸಿ ಕೆಂಚಿ.

ಬಾಲಪ್ಪ ಒಬ್ಬೊಬ್ಬರ ಕೊರತೆಯನ್ನೂ ಎತ್ತಿ ಆಡಿದ. ದೊಡ್ಡಯ್ಯ ನಿಧಾನ, ಬುಟ್ಟಿಯ ಕೆಳಗೆ ನಿಂತರೆ ಅಲ್ಲೇ ಬೇರು ಬಿಡುತ್ತಾನೆ. ಗೌರಮ್ಮ ಎಲೆ ಅಲ್ಲಾಡಿದರೂ ಬೆಚ್ಚಿ ಕಾಡಿಗೆ ಓಡುತ್ತಾಳೆ. ಚುಂಚಕ್ಕ ಕುಳ್ಳಿ. ಕೆಂಚಿಯಂತೂ ಹುಲ್ಲಿನಲ್ಲಿ ಕಾಣುವುದೇ ಇಲ್ಲ. ಪಾಪ ದೊಡ್ಡಯ್ಯ ತಲೆ ತಗ್ಗಿಸಿ ತನ್ನ ಪಾದ ನೋಡಿಕೊಂಡ. ಅವನಿಗೆ ತನ್ನ ಬಗ್ಗೆ ಯಾರು ಏನೇ ಹೇಳಿದರೂ ನಿಜವೆನಿಸುತ್ತಿತ್ತು.

"ಹಾಗಾದ್ರೆ ನಮ್ಮ ತಂಡಕ್ಕೆ ಬೇಕಾಗಿರೋದು ಏನಣ್ಣ?" ಎಂದು ಕೆಂಚಿ ಕೇಳಿದಳು.

"ನನ್ನಂಥವರು ಇನ್ನೂ ನಾಲ್ಕು ಜನ. ಅಷ್ಟು ಸಿಕ್ಕರೆ ಗುಡ್ಡದವರು ಗುಡ್ಡ ಬಿಟ್ಟು ಓಡ್ತಾರೆ."

ಚುಂಚಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಂಡದಲ್ಲಿ ಆಡುವವರು ಐದೇ ಜನ. ಹೊಸ ನಾಲ್ವರು ಬಂದರೆ ಹಳೆಯ ನಾಲ್ವರು ಹೊರಗೆ. ಹೊರಗಾದರೆ ಬೇಸಿಗೆಯಲ್ಲಿ ಎಲ್ಲರ ಹಿಂದೆ ನಿಲ್ಲಬೇಕು, ಆಗ ಕೆಸರೂ ಸಿಗುವುದು ಅನುಮಾನ. "ಇನ್ನೊಂದು ಬೇಸಿಗೆ ಹಾಗೇ ಆದ್ರೆ ನನ್ನ ಮರಿಗಳು ಉಳಿಯಲ್ಲ ಬಾಲಪ್ಪ" ಎಂದಳು. ಬಾಲಪ್ಪ ಅದಕ್ಕೇ ಗೆಲ್ಲುವ ತಂಡ ಕಟ್ಟುತ್ತಿದ್ದೇನೆ ಎಂದು ಹೇಳಿ, ಆಟಗಾರರನ್ನು ಹುಡುಕಿ ತರುವ ಕೆಲಸವನ್ನು ಕೆಂಚಿಗೇ ಒಪ್ಪಿಸಿದ.

ಉಳಿದವರು ಕೆಂಚಿಯ ಮೇಲೆ ಸಿಟ್ಟಾದರು, ನಮ್ಮ ಜಾಗಕ್ಕೆ ನೀನೇ ಜನ ತರುತ್ತೀಯಾ ಎಂದು ಬೈದರು. ಕೆಂಚಿ ಮೀಸೆ ಒರೆಸಿಕೊಂಡು, ಅಣ್ಣ ಕೇಳಿದ್ದನ್ನೇ ತರುತ್ತೇನೆ, ಒಂದು ಕೂದಲೂ ಆಚೀಚೆ ಆಗದಂತೆ ತರುತ್ತೇನೆ ಎಂದಷ್ಟೇ ಹೇಳಿ ಕಾಡಿನೊಳಗೆ ಹೊರಟುಹೋದಳು.

ಮಳೆ ಕಡಿಮೆಯಾಗಿ ಬಯಲು ಒಣಗುವಾಗ ಅವಳು ತಿರುಗಿ ಬಂದಳು. ಹಿಂದೆ ನಾಲ್ಕು ಮುಸುವಗಳು. ನಾಲ್ಕೂ ದಷ್ಟಪುಷ್ಟ, ನಾಲ್ಕೂ ಬಾಲ ಎತ್ತಿಕೊಂಡೇ ನಡೆಯುತ್ತಿದ್ದವು. ಮುಂದೆ ಯಾರು ನಡೆಯಬೇಕು ಎಂದು ದಾರಿಯುದ್ದಕ್ಕೂ ಜಗಳವಾಡಿದ್ದವಂತೆ. ಬಾಲಪ್ಪನಿಗೆ ಅವನ್ನು ನೋಡಿ ಕಣ್ತುಂಬಿ ಬಂತು.

ಅಲ್ಲಿನ ಪದ್ಧತಿ ಒಂದಿತ್ತು. ಕರೆಸಿದ ಆಟಗಾರರನ್ನು ಪೂರ್ತಿ ಒಂದು ಆಟ ಆಡಿಸಿ ನೋಡಬೇಕು. ಮತ್ತಿಮರದ ನೆರಳು ಬಂಡೆ ಮುಟ್ಟುವವರೆಗೆ ಆಟ, ಅದಕ್ಕೆ ಮೊದಲು ಕರೆದವರು ಕಳಿಸುವಂತಿಲ್ಲ, ಬಂದವರು ಹೋಗುವಂತಿಲ್ಲ. ಮುಗಿದ ಮೇಲೆ ನಾಯಕ ಬಂಡೆ ಹತ್ತಿ ಯಾರು ಒಳಗೆ, ಯಾರು ಹೊರಗೆ ಎಂದು ಎಲ್ಲರ ಮುಂದೆ ಹೇಳಬೇಕು.

ಮರುದಿನ ಒಂದು ಕಡೆ ಬಾಲಪ್ಪ ಮತ್ತು ನಾಲ್ಕು ಮುಸುವಗಳು, ಇನ್ನೊಂದು ಕಡೆ ಹಳೆಯ ನಾಲ್ವರು ನಿಂತರು. ನಾಲ್ವರ ವಿರುದ್ಧ ಐವರು ಆಡುವುದು ಅನ್ಯಾಯ ಅಲ್ಲವೇ ಎಂದು ಬಾಲಪ್ಪ ಕನಿಕರದಿಂದ ಕೇಳಿದ. ಕೆಂಚಿ ಪರವಾಗಿಲ್ಲ ಎಂದಳು.

ಚೆಂಡು ಮೊದಲನೇ ಮುಸುವದ ಕೈಗೆ ಹೋಯಿತು. ಅದು ಯಾರಿಗೂ ಕೊಡದೆ ಬಯಲಿಡೀ ಸುತ್ತಿ, ದಣಿದು, ಚೆಂಡನ್ನು ಅಪ್ಪಿಕೊಂಡು ಕುಳಿತಿತು. ಅದರ ಕೈಯಿಂದ ಎರಡನೆಯದು ಕಿತ್ತುಕೊಂಡಿತು. ಮಕ್ಕಳೇ, ಅವೆರಡೂ ಒಂದೇ ತಂಡದವು, ನೆನಪಿರಲಿ. ಮೂರನೆಯದು ಎರಡನೆಯದರ ಬಾಲ ಎಳೆಯಿತು. ನಾಲ್ಕನೆಯದು ಚೆಂಡು ಕಸಿದು ಹೊನ್ನೆಮರದ ತುದಿಗೇರಿ, ಎಲ್ಲರೂ ತನ್ನನ್ನು ನೋಡುತ್ತಿದ್ದಾರೆಯೇ ಎಂದು ನೋಡಿ, ಬುಟ್ಟಿಯನ್ನು ಬಿಟ್ಟು ಬೇರೆಲ್ಲ ಕಡೆಗೂ ಗುರಿಯಿಟ್ಟಿತು.

ಬಾಲಪ್ಪ ಬುಟ್ಟಿಯ ಕೆಳಗೆ ಒಬ್ಬನೇ ನಿಂತಿದ್ದ. ಅವನನ್ನು ಯಾರೂ ಕಾಯುತ್ತಿರಲಿಲ್ಲ. ಕೈ ಚಾಚಿದರೆ ಸಾಕು, ಹಾಕಿಬಿಡಬಹುದಿತ್ತು.

"ಇಲ್ಲಿ ಕೊಡೋ, ನಾನು ಖಾಲಿ ನಿಂತಿದ್ದೀನಿ" ಎಂದು ಕೂಗಿದ.

"ನಾನೇ ಹಾಕ್ತೀನಿ, ಸುಮ್ನಿರು" ಎಂದಿತು ಮೇಲಿನ ಮುಸುವ.

ಬಾಲಪ್ಪನಿಗೆ ಆ ಮಾತನ್ನು ಎಲ್ಲೋ ಕೇಳಿದ ಹಾಗಿತ್ತು. ಎಲ್ಲಿ ಎಂದು ಹೊಳೆದಾಗ ಅವನ ಕಪ್ಪು ಮೂತಿ ಇನ್ನೂ ಕಪ್ಪಾಯಿತು.

ಅಷ್ಟರಲ್ಲಿ ಚೆಂಡು ಮೇಲಿನ ಮುಸುವದ ಕೈತಪ್ಪಿ ಕೆಳಗೆ ಬಿದ್ದು, ಉರುಳಿ ಕೆಂಚಿಗೆ ಸಿಕ್ಕಿತು. ಅವಳು ಹುಲ್ಲಿನೊಳಗೇ ನುಸುಳಿ ಗೌರಮ್ಮನಿಗೆ ದಾಟಿಸಿದಳು. ಗೌರಮ್ಮ ಬೆಚ್ಚಿದಳು, ಬೆಚ್ಚಿ ಓಡಿದಳು, ಆದರೆ ಈ ಸಲ ಚೆಂಡು ಜೊತೆಗಿದ್ದದ್ದರಿಂದ ಓಟ ಸರಿಯಾದ ಕಡೆಗೇ ಹೋಯಿತು. ಅವಳಿಂದ ಚೆಂಡು ಚುಂಚಕ್ಕನ ಬೆನ್ನಿಗೆ ಬಂದು ಮುಳ್ಳಿಗೆ ಸಿಕ್ಕಿಕೊಂಡಿತು. ಅದನ್ನು ಕಿತ್ತುಕೊಳ್ಳುವ ಧೈರ್ಯ ಯಾವ ಮುಸುವಕ್ಕೂ ಬರಲಿಲ್ಲ. ಚುಂಚಕ್ಕ ನಿಧಾನವಾಗಿ ನಡೆದು ಹೋಗಿ ದೊಡ್ಡಯ್ಯನ ಮುಂದೆ ನಿಂತಳು. ದೊಡ್ಡಯ್ಯ ಹುಷಾರಾಗಿ ಚೆಂಡು ಬಿಡಿಸಿಕೊಂಡು, ಎರಡು ಕಾಲಲ್ಲಿ ಎದ್ದು ನಿಂತು, ಬುಟ್ಟಿಯೊಳಗೆ ಇಟ್ಟ. ಎಸೆಯುವ ಅಗತ್ಯವೇ ಇರಲಿಲ್ಲ, ಅವನು ಅಷ್ಟು ಎತ್ತರ. ಇಷ್ಟು ವರ್ಷ ಅವನು ಎದ್ದು ನಿಂತದ್ದನ್ನೇ ಯಾರೂ ನೋಡಿರಲಿಲ್ಲ.

ಹೀಗೇ ಮತ್ತೆ ಮತ್ತೆ ನಡೆಯಿತು. ಬಾಲಪ್ಪ ಆಟ ನಿಲ್ಲಿಸೋಣ ಎಂದ. ಕೆಂಚಿ ನೆರಳಿನ ಕಡೆ ಬೆರಳು ತೋರಿಸಿದಳು. ಅದು ಬಂಡೆಗೆ ಇನ್ನೂ ದೂರವಿತ್ತು. ಆಟ ಮುಗಿಯುವವರೆಗೂ ಅವನು ಒಮ್ಮೆಯೂ ಚೆಂಡು ಮುಟ್ಟಲಿಲ್ಲ.

ಕೊನೆಗೆ ನಾಲ್ಕು ಮುಸುವಗಳೂ, ಇಷ್ಟು ಕೆಟ್ಟ ತಂಡದಲ್ಲಿ ತಾವು ಇರುವುದಿಲ್ಲ ಎಂದು ತಾವಾಗಿಯೇ ಹೊರಟವು. ಹೋಗುವಾಗ ಒಂದೊಂದೂ ಬಾಲಪ್ಪನನ್ನು ಪಕ್ಕಕ್ಕೆ ಕರೆದು ಕಿವಿಮಾತು ಹೇಳಿತು. ಬೇರೆ ಬೇರೆ ಹೇಳಿದರೂ ಮಾತು ಒಂದೇ: "ನನ್ನಂಥವರು ನಾಲ್ಕು ಜನ ಸಿಕ್ಕರೆ ನಿನ್ನ ತಂಡ ಉದ್ಧಾರ ಆಗುತ್ತೆ."

ಬಾಲಪ್ಪ ಬಂಡೆ ಹತ್ತಿದ. ಬಹಳ ಹೊತ್ತು ಬಾಲ ಸವರಿಕೊಂಡ. ಅವನಿಗೆ ನಾಚಿಕೆಯಾಗಿತ್ತು, ನಾಚಿಕೆಯ ಅಭ್ಯಾಸವಿಲ್ಲದ್ದರಿಂದ ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

"ಹಳಬರು ನಾಲ್ಕೂ ಜನ ಒಳಗೆ. ನಾನು ಒಳಗೋ ಹೊರಗೋ, ಅದನ್ನ ನೀವು ಹೇಳಿ" ಎಂದ.

ನಾಲ್ವರೂ ಮುಖ ಮುಖ ನೋಡಿಕೊಂಡರು. ಕೆಂಚಿಯೇ ಉತ್ತರ ಕೊಟ್ಟಳು. "ಪೂರ್ತಿ ಒಂದು ಆಟ ಆಡಿಸಿ ನೋಡ್ತೀವಿ ಅಣ್ಣ. ಪದ್ಧತಿ ಅಲ್ವಾ?"

ಆ ಆಟದಲ್ಲಿ ಬಾಲಪ್ಪ ದೊಡ್ಡಯ್ಯನಿಗೆ ಚೆಂಡು ಕೊಟ್ಟ. ಬಾಲಪ್ಪನ ಕೈಯಿಂದ ಚೆಂಡು ಬರಬಹುದೆಂದು ದೊಡ್ಡಯ್ಯ ಕನಸಲ್ಲೂ ನೆನೆಸಿರಲಿಲ್ಲ. ಹಿಡಿಯುವುದನ್ನು ಮರೆತು ನಿಂತವನ ಮೂಗಿಗೆ ಚೆಂಡು ಬಡಿಯಿತು. ಎಲ್ಲರೂ ನಕ್ಕರು, ಬಾಲಪ್ಪನೂ ನಕ್ಕ. ಎರಡನೇ ಸಲ ದೊಡ್ಡಯ್ಯ ಹಿಡಿದ.

ಚಳಿಗಾಲ ಕಳೆದು ಕೊನೆಯ ಪಂದ್ಯ ಬಂತು. ಎರಡೂ ಕಡೆ ಸಮ ಸಮ, ನೆರಳು ಬಂಡೆಯನ್ನು ಇನ್ನೇನು ಮುಟ್ಟಬೇಕು. ಚೆಂಡು ಬಾಲಪ್ಪನ ಕೈಯಲ್ಲಿ. ಗುಡ್ಡದವರು ಐದೂ ಜನ ಅಭ್ಯಾಸಬಲದಿಂದ ಅವನ ಮೇಲೆ ಬಿದ್ದರು. ತಾನೇ ಹಾಕಬೇಕೆಂದು ಅವನ ಕೈ ತುರಿಸಿತು, ಸುಳ್ಳು ಯಾಕೆ ಹೇಳಲಿ. ಆದರೂ ಅವನು ಚೆಂಡನ್ನು ಅವರ ತಲೆಯ ಮೇಲಿಂದ ದೊಡ್ಡಯ್ಯನಿಗೆ ದಾಟಿಸಿದ. ದೊಡ್ಡಯ್ಯ ಎದ್ದು ನಿಂತ, ಬುಟ್ಟಿಯೊಳಗೆ ಇಟ್ಟ, ಮತ್ತೆ ಕೂತ.

ಮರುದಿನ ಬೆಳಿಗ್ಗೆ ಹೊಂಡದವರೇ ಮೊದಲು ನೀರಿಗಿಳಿದರು. ಚುಂಚಕ್ಕನ ಮರಿಗಳು ಬೇಸಿಗೆಯಲ್ಲಿ ತಿಳಿನೀರು ಕಂಡದ್ದು ಅದೇ ಮೊದಲು. ಅವು ಬಾಯಿ ಹಾಕದೆ ಬಗ್ಗಿ ನೋಡುತ್ತಲೇ ನಿಂತವು.

"ಅಮ್ಮಾ, ನೀರಿನ ಅಡಿಯಲ್ಲಿ ಕಲ್ಲು ಕಾಣ್ತಿದೆ" ಎಂದಿತು ಒಂದು ಮರಿ.

"ಕಾಣ್ಲಿ ಕಂದಾ, ಕುಡಿ" ಎಂದಳು ಚುಂಚಕ್ಕ.

ನೀತಿ: ತನ್ನ ತಂಡಕ್ಕೆ ಏನು ಕೊರತೆ ಎಂದು ಊರೆಲ್ಲ ಹುಡುಕುವವನು ಮೊದಲು ತನ್ನ ಕೈಯೊಳಗೆ ಬಿಗಿಹಿಡಿದದ್ದನ್ನು ನೋಡಿಕೊಳ್ಳಬೇಕು.